ತಾರಾಗೆ ಬಿದ್ದ ಒಂದು ಓಟು

ಕಾರು ನಿಲ್ಲಿಸುವ ಜಾಗದಲ್ಲಿ ಅಂಗಡಿಯ ಸಾಮಾನಿನ ಟ್ರಾಲಿಯೊಂದು ತನ್ನಷ್ಟಕ್ಕೆ ತಾನು ಉರುಳಿಕೊಂಡು ಬರುತ್ತಿದೆ, ಯಾರೂ ತಳ್ಳಿಲ್ಲ, ಗಾಳಿಯೇ ತಳ್ಳಿರಬೇಕು, ಏಪ್ರಿಲ್ ಬಂತೆಂದರೆ ಈ ಪರದೇಶದ ಹೆಂಡರ್ಸನ್ ಊರಿನ ಗಾಳಿಗೆ ಸುಮ್ಮನೆ ಕೂರಲು ಬರುವುದಿಲ್ಲ, ಬಂತು, ಬಂತು, ಆ ಬಿಳಿ ಯೂಟ್ ಪಿಕಪ್ಪಿನ ಬೆನ್ನಿಗೆ ಬಡಿದೇಬಿಟ್ಟಿತು ಅನ್ನುವಾಗ ಕಲ್ಲಿನ ಅಂಚಿಗೆ ತಗುಲಿ ನಿಂತಿತು — ಸ್ವಾಮಿ, ನಿನ್ನ ದಯೆ — ಇಂಥ ಸಣ್ಣಪುಟ್ಟದಕ್ಕೆಲ್ಲ ಅವನನ್ನು ಕರೆಯುತ್ತೇನೆ, ನಿಜವಾಗಿ ಕರೆಯಬೇಕಾದ ಕಡೆ ನಾಲಿಗೆ ಒಣಗುತ್ತದೆ. ಹತ್ತು ನಿಮಿಷ ಕೂತಿರ್ರಿ ಅಕ್ಕಾರ, ಕೊತ್ತಂಬರಿ, ಹಸಿಮೆಣಸಿನಕಾಯಿ ತಗೊಂಡು ಓಡಿ ಬಂದಬಿಡ್ತೀನಿ ಅಂತ ಹೇಳಿ ತಾರಾ ಅಂಗಡಿಯೊಳಗೆ ಹೋದಳು, ನನಗೆ ಗಾಳಿ ಬೇಕೆಂದು ಕಾರಿನ ಗಾಜನ್ನು ಎರಡು ಬೆರಳಷ್ಟು ಇಳಿಸಿದಳು, ತನ್ನ ಫೋನನ್ನು ನನ್ನ ಮಡಿಲಲ್ಲಿ ಇಟ್ಟಳು. ಟೌರಂಗಾ ಆಸ್ಪತ್ರೆಯವರಿಗೆ ಐದರೊಳಗೆ ಉತ್ತರ ಕೊಡಬೇಕ್ರಿ, ಬರದೀನಿ, ಬರೂದಿಲ್ಲಂತನ ಬರದೀನಿ, ನೀವು ಟೀಚರಾಗಿದ್ದವರು, ಇಂಗ್ಲಿಷು ಒಂದ್ಸಲ ನೋಡಿಬಿಡ್ರಿ, ಆಮ್ಯಾಲ ಒತ್ತತೀನಿ. ನೋಡಿದೆ. ಆರು ಸಾಲು. ತಪ್ಪಿಲ್ಲ. ಇಲ್ಲಿ ನನ್ನವರೆಂಬ ಒಬ್ಬರಿದ್ದಾರೆ, ಅವರನ್ನು ಬಿಟ್ಟು ಬರಲು ಮನಸ್ಸಿಲ್ಲ, ಕ್ಷಮಿಸಿ ಎಂದು ಬರೆದಿದ್ದಾಳೆ, ಕೆಲಸ ಕೊಡುವವರಿಗೆ ಯಾರಾದರೂ ಹೀಗೆ ಬರೆಯುತ್ತಾರೆಯೇ, ಹುಚ್ಚು ಹುಡುಗಿ, ನಲವತ್ತೊಂದು ವಯಸ್ಸಾದರೂ ಹುಡುಗಿಯೇ. ಆ ಒಬ್ಬರು ಎಂದರೆ ನಾನು. ಈ ವಸುಂಧರಾ, ಅರವತ್ತನಾಲ್ಕರ ವಿಧವೆ, ಪಾಂಡವಪುರದ ಹಳೇ ಮೇಷ್ಟ್ರಮ್ಮ. ನಾನು ಅವಳಿಗೆ ಒಂದು ಓಟು ಹಾಕಿದೆನೆಂದು ಅವಳು ನಂಬಿದ್ದಾಳೆ, ಹಾಕಿಲ್ಲ, ಮೂರು ವಾರದಿಂದ ಹೇಳಿಲ್ಲ. ನಾಲ್ಕು ಮೂವತ್ತೈದು. ಟ್ರಾಲಿ ಮತ್ತೆ ಅಲ್ಲಾಡುತ್ತಿದೆ.

ಎಲ್ಲ ಶುರುವಾದದ್ದು ಆ ಗವರ್ನರನಿಂದ, ಅಲ್ಲ, ಅವನ ತಪ್ಪೇನು, ಸತ್ತು ನೂರೈವತ್ತು ವರ್ಷವಾದವನ ಮೇಲೆ ಹೇರುತ್ತೇನಲ್ಲ, ಶುರುವಾದದ್ದು ನನ್ನ ಬಾಯಿಂದ. ನಮ್ಮವರು, ವಾಮನ ರಾಯರು, ಹೋದ ಮೇಲೆ ಮನೆಯಲ್ಲಿ ಸದ್ದೆಂದರೆ ಫ್ರಿಜ್ಜಿನದು ಒಂದೇ, ಬೆಳಿಗ್ಗೆ ದೀಪ ಹಚ್ಚಿ, ಸಹಸ್ರನಾಮ ಮುಗಿಸಿ, ಒಬ್ಬಳಿಗೆ ಎಷ್ಟು ಅಕ್ಕಿ ಇಡಬೇಕು ಅಂತ ಇನ್ನೂ ಕೈಗೆ ಗೊತ್ತಾಗದೆ ಹೆಚ್ಚೇ ಇಟ್ಟು, ಆಮೇಲೆ ಏನು, ಹನ್ನೊಂದು ಗಂಟೆಗೆ ಏನು, ಮೂರು ಗಂಟೆಗೆ ಏನು — ಲೈಬ್ರರಿಯ ಹೆಂಗಸು ತೋರಿಸಿಕೊಟ್ಟಳು, ಅಮೆರಿಕದ ಹಳೇ ಪತ್ರಿಕೆಗಳನ್ನು ಕಂಪ್ಯೂಟರಿಗೆ ಏರಿಸಿದ್ದಾರೆ, ಅದು ಸರಿಯಾಗಿ ಓದಿಕೊಂಡಿಲ್ಲ, ಕಣ್ಣಿದ್ದವರು ಕೂತು ತಿದ್ದಬೇಕು, ಯಾರು ಬೇಕಾದರೂ ತಿದ್ದಬಹುದು. ನನ್ನ ಪಾಲಿಗೆ ಬಂದದ್ದು ಮ್ಯಾಸಚೂಸೆಟ್ಸ್, ಸಾವಿರದ ಎಂಟುನೂರ ಮೂವತ್ತೊಂಬತ್ತು, ಗವರ್ನರ್ ಚುನಾವಣೆ, ಊರೂರಿನ ಮತ, ಸಾಲು ಸಾಲು, ಮಾಸಿದ ಮಸಿ, ಎಂಟೋ ಮೂರೋ ತಿಳಿಯುವುದಿಲ್ಲ, ಮೂಗು ತಾಗುವಷ್ಟು ಬಾಗಿ ನೋಡಬೇಕು. ಮಾರ್ಟನ್ ಅಂತ ಒಬ್ಬ, ವರ್ಷ ವರ್ಷವೂ ನಿಂತು ವರ್ಷ ವರ್ಷವೂ ಸೋತವನು, ಈ ಸಲ ಎದುರಿಗಿದ್ದವನು ಕುರ್ಚಿಯಲ್ಲೇ ಕೂತಿದ್ದ ಗವರ್ನರ್, ದೊಡ್ಡ ಮಾತುಗಾರ. ಬಿದ್ದ ಓಟು ಲಕ್ಷದ ಮೇಲೆ ಎರಡು ಸಾವಿರ ಚಿಲ್ಲರೆ, ಅರ್ಧಕ್ಕಿಂತ ಹೆಚ್ಚು ಬಂದರೆ ಗೆದ್ದ ಹಾಗೆ, ನವೆಂಬರಿನ ಓಟನ್ನು ಜನವರಿಯವರೆಗೆ ಎಣಿಸಿ ನೋಡಿದರೆ ಅರ್ಧಕ್ಕಿಂತ ಒಂದೇ ಒಂದು ಹೆಚ್ಚು. ಒಂದು! ಆ ಸಂಜೆ ಈ ಸುದ್ದಿ ಹೇಳಲು ಯಾರೂ ಇರಲಿಲ್ಲ, ರಾಯರ ಫೋಟೋಗೆ ಹೇಳಿದೆ, ಕೇಳಿದಿರಾ, ಒಂದು ಓಟು ಅಂತೆ. ಮರುದಿನ ತಾರಾ ಬಂದಳು.

ತಾರಾ ಇಲ್ಲೇ ಮುದುಕರ ಆಶ್ರಮವೊಂದರಲ್ಲಿ ನರ್ಸ್, ಗದಗದವಳು, ಗಂಡ ಬಿಟ್ಟು ಹೋಗಿ ಆರು ವರ್ಷ, ನಮ್ಮ ಕನ್ನಡ ಸಂಘದಲ್ಲಿ ಅವಳನ್ನು ಊಟ ಬಡಿಸಲು ಕರೆಯುತ್ತಾರೆ, ವೇದಿಕೆಗೆ ಕರೆಯುವುದಿಲ್ಲ. ಅವಳಿಗೆ ಗವರ್ನರನ ಕಥೆ ಹೇಳಿದೆ, ನಮ್ಮಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಾ ಹೇಳುತ್ತಿದ್ದ ಹಾಗೆಯೇ ಹೇಳಿದೆ, ಒಂದಾನೊಂದು ಕಾಲದಲ್ಲಿ ಸಮುದ್ರದಾಚೆ ಒಂದು ಸೀಮೆ, ಆ ಸೀಮೆಯಲ್ಲಿ ಸೋತು ಸೋತು ಬೇಸರಗೊಳ್ಳದವನೊಬ್ಬ — ಹೂಂಗುಟ್ಟುತ್ತಾ ಕೇಳಿದಳು, ಕೊನೆಗೆ ಕಣ್ಣರಳಿಸಿ, ಒಂದರಾಗ ಗೆದ್ನ್ಯಾ! ಅಂದಳು. ಹಾಗಿದ್ದರೆ ನೀನೂ ನಿಲ್ಲು ತಾರಾ. ನಾನಾ? ಹುಚ್ಚ ಹಿಡೀತೇನ್ರಿ ನಿಮಗ? ಹನ್ನೊಂದು ವರ್ಷದಿಂದ ಅಧ್ಯಕ್ಷರನ್ನು ಅವಿರೋಧವಾಗಿ ಆರಿಸುವುದು ಸಂಘದ ಪದ್ಧತಿ, ಹಿರಿಯರು ನಾಲ್ಕು ಜನ ಮೊದಲೇ ಮಾತಾಡಿಕೊಳ್ಳುತ್ತಾರೆ, ಯುಗಾದಿ ಊಟದ ಮೇಲೆ ಹೆಸರು ಹೇಳುತ್ತಾರೆ, ಹೋಳಿಗೆ ತಿಂದ ಕೈಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಲಿಂಗರಾಜು ಅವರೇ ಆರು ವರ್ಷದಿಂದ. ಒಳ್ಳೆಯವರು. ಅದೇ ಕಷ್ಟ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ವಯಸ್ಸಾದವರನ್ನು ದೇವಸ್ಥಾನಕ್ಕೆ, ಡಾಕ್ಟರ ಹತ್ತಿರಕ್ಕೆ ಕರೆದೊಯ್ಯಲು ಒಂದು ವ್ಯಾನು ಬೇಕು ಅಂತ ತಾರಾ ಮೂರು ವರ್ಷದಿಂದ ಕೇಳುತ್ತಿದ್ದಳು, ನೋಡೋಣ ಅನ್ನುತ್ತಿದ್ದರು, ನೋಡೋಣ. ನಿಲ್ಲು, ನಾನಿದ್ದೇನೆ ಅಂದೆ. ಹೌದು, ಆ ಮಾತೇ ಅಂದೆ, ನಾನಿದ್ದೇನೆ.

ಯುಗಾದಿಯ ದಿನ ಆ ಬಾಡಿಗೆ ಹಾಲಿನಲ್ಲಿ ನಲವತ್ತೇಳು ಮನೆ, ಒಂದು ಮನೆಗೆ ಒಂದು ಓಟು, ನನ್ನದು ರಾಯರಿಂದ ಬಂದದ್ದು. ಬೇವಿನ ಎಲೆ ಇಲ್ಲಿ ಎಲ್ಲಿ ಸಿಗಬೇಕು, ಯಾರೋ ಊರಿಂದ ತಂದ ಒಣ ಹೂವಿನ ಪುಡಿ, ಬೆಲ್ಲದಲ್ಲಿ ಕಲೆಸಿ ಚಮಚದ ತುದಿಯಲ್ಲಿ ಕೊಟ್ಟರು, ಮಕ್ಕಳು ಯಕ್ ಅಂದರು, ಶ್ರೀರಕ್ಷಾಳ ಮಗ ನನ್ನ ಸೆರಗು ಎಳೆದು ಆಂಟಿ, ಡು ಐ ಹ್ಯಾವ್ ಟು ಅಂತ ಕೇಳಿದ. ತಾರಾ ಅವತ್ತು ಇಳಕಲ್ ಸೀರೆ ಉಟ್ಟಿದ್ದಳು, ನನ್ನ ಪಕ್ಕ ಕೂತು ಬೆರಳು ಮಡಿಸಿ ಪಿಸುಗುಟ್ಟಿದಳು, ರಾಜೀವ ಅವ್ರು ಹಾಕ್ತೀನಂದಾರ, ಶ್ರೀರಕ್ಷಾ ಹಾಕ್ತೀನಂದಾಳ, ರಚನಾ ಅವ್ರ ಮನಿ, ಮೋಹನ ಅವ್ರ ಮನಿ, ಇಪ್ಪತ್ತರ ಮ್ಯಾಲ ಅದಾವ್ರಿ ಅಕ್ಕಾರ, ಗೆಲ್ಲೂದಿಲ್ಲ ಬಿಡ್ರಿ, ಖರೆ ಮರ್ಯಾದಿ ಉಳೀತದ. ವೇದಿಕೆಯ ಹಿಂದೆ ಒಂದು ಮೇಜು, ಅದರ ಮೇಲೆ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಮರೆ ಮಾಡಿದ್ದರು, ದಾರ ಕಟ್ಟಿದ ಪೆನ್ನು. ನಾನು ಎಷ್ಟು ಚುನಾವಣೆ ಮಾಡಿಸಿದವಳು, ನಮ್ಮ ಸ್ಕೂಲಿನ ಬೂತಿನಲ್ಲೇ ನಾಲ್ಕು ಸಲ ಡ್ಯೂಟಿ, ಬೆರಳಿಗೆ ಮಸಿ ಹಚ್ಚಿ ಹಚ್ಚಿ ನನ್ನ ಬೆರಳೇ ಕಪ್ಪಾಗುತ್ತಿತ್ತು, ಒಬ್ಬ ಮುದುಕಿ ಬಂದು, ಟೀಚರಮ್ಮ, ನಂಗೆ ಕಣ್ ಕಾಣಾಕಿಲ್ಲ, ಯಾವುದು ಚೆಂದಾಗದೋ ನೀನೇ ಒತ್ತಿಬುಡು ಅಂದಾಗ, ಅಜ್ಜಿ, ನಿನ್ನ ಮನಸ್ಸು ನಿನಗೇ ಗೊತ್ತು, ಇನ್ನೊಬ್ಬರು ಒತ್ತೋದಲ್ಲ ಅಂತ ಬುದ್ಧಿ ಹೇಳಿದವಳು. ಆ ರಟ್ಟಿನ ಮರೆಯಲ್ಲಿ ಚೀಟಿ ಬಿಡಿಸಿದೆ, ಎರಡು ಹೆಸರು, ಮೇಲೆ ತಾರಾ. ಪೆನ್ನು ಅವಳ ಹೆಸರಿನ ಮೇಲೇ ಇತ್ತು. ಆಗ ರಾಯರು ನೆನಪಾದರು, ಅವರಲ್ಲ, ಅವರು ಮಲಗಿದ್ದ ಪೆಟ್ಟಿಗೆ, ಮೂರು ವರ್ಷದ ಹಿಂದೆ, ಜುಲೈ ತಿಂಗಳು, ಇಲ್ಲಿ ಅದೇ ಚಳಿಗಾಲ, ನಮಗೆ ಮಕ್ಕಳಿಲ್ಲ, ಚಿತಾಗಾರದ ಗುಂಡಿ ಒತ್ತುವವರು ಯಾರು ಅಂತ ಅಲ್ಲಿಯ ಹುಡುಗಿ ಮೆಲ್ಲಗೆ ಕೇಳಿದಳು, ಲಿಂಗರಾಜು ಶೂ ಬಿಚ್ಚಿ, ಶರಟಿನ ಮೇಲೇ ಪಂಚೆ ಸುತ್ತಿಕೊಂಡು ಮುಂದೆ ಬಂದು, ನಾನಿದೀನಿ ಮೇಡಂ ಅಂದರು. ಅವರೂ ಅದೇ ಮಾತು ಅಂದಿದ್ದರು, ಅಂದಂತೆಯೇ ಮಾಡಿದ್ದರು. ತಾರಾಗೆ ಹೇಗೂ ಇಪ್ಪತ್ತರ ಮೇಲೆ ಇವೆ, ನನ್ನದೊಂದು ಆ ಋಣಕ್ಕೆ ಹೋಗಲಿ, ಒಂದರಿಂದ ಏನಾದೀತು — ಹೌದು ಸ್ವಾಮಿ, ಇದೇ ಮಾತು ಮನಸ್ಸಿಗೆ ಬಂತು, ಒಂದರಿಂದ ಏನಾದೀತು, ಆ ಪತ್ರಿಕೆಯ ಮುಂದೆ ಎರಡು ತಿಂಗಳು ಕೂತವಳಿಗೆ.

ಎಣಿಸಿದವರು ರಾಮಮೂರ್ತಿಗಳು, ಬ್ಯಾಂಕಿನಲ್ಲಿದ್ದು ರಿಟೈರಾದವರು, ಎಣಿಸುವುದನ್ನು ಅವರಿಗೇ ಬಿಡಬೇಕು, ಒಂದೊಂದು ಚೀಟಿಯನ್ನೂ ಬಿಡಿಸಿ ಬೆಳಕಿಗೆ ಹಿಡಿದು ಓದುತ್ತಾರೆ. ಲಿಂಗರಾಜು. ಲಿಂಗರಾಜು. ಲಿಂಗರಾಜು. ಹದಿನೈದಾಯಿತು, ಇಪ್ಪತ್ತಾಯಿತು. ಸಾರ್, ಬೇರೆ ಹೆಸರೂ ಓದಿ, ನಿದ್ದೆ ಬರ್ತಿದೆ ಅಂತ ರಾಜೀವ್ ಕೂಗಿದ, ಹಾಕುತ್ತೇನೆಂದು ಮಾತು ಕೊಟ್ಟಿದ್ದ ರಾಜೀವ್, ಎಲ್ಲರೂ ನಕ್ಕರು. ನಾನು ಮುಖ ಎತ್ತಲಿಲ್ಲ, ತಾರಾಳ ಕೈ ನೋಡುತ್ತಿದ್ದೆ. ಅವಳು ಎಡಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು, ನಮ್ಮ ಹೆಂಗಸರು ಎಣಿಸುವ ಹಾಗೆ, ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸಲು ಸಿದ್ಧವಾಗಿ, ಹೆಬ್ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಮೂವತ್ತೊಂದನೆಯ ಚೀಟಿ. ತಾರಾ. ಹೆಬ್ಬೆರಳು ಕಿರುಬೆರಳಿನ ಮೊದಲ ಗೆರೆಯ ಮೇಲೆ ಕೂತಿತು. ಲಿಂಗರಾಜು. ಲಿಂಗರಾಜು. ಅದು ಅಲ್ಲೇ. ಲಿಂಗರಾಜು. ಅಲ್ಲೇ. ಚೀಟಿ ಮುಗಿದವು, ನಲವತ್ತಾರು ಮತ್ತು ಒಂದು, ಹೆಬ್ಬೆರಳು ಕಿರುಬೆರಳಿನ ಮೊದಲ ಗೆರೆ ಬಿಟ್ಟು ಮೇಲೇಳಲಿಲ್ಲ. ಹಿಂದಿನಿಂದ ಯಾರೋ, ತಮ್ಮ ಓಟು ತಾವೇ ಹಾಕ್ಕೊಂಡ್ರಲ್ಲ, ಅಷ್ಟಾದ್ರೂ ಬಂತು ಬಿಡಿ ಅಂದರು, ಮತ್ತೆ ನಗು, ಆಮೇಲೆ ಕಾಫಿ. ಎಲ್ಲರೂ ನನ್ನ ಹಾಗೆಯೇ ಯೋಚಿಸಿದ್ದರು. ಅವಳಿಗೆ ಬೇರೆಯವರು ಹಾಕುತ್ತಾರೆ ಅಂತ. ಅಷ್ಟು ಒಳ್ಳೆಯ ಜನ ನಾವು, ಒಬ್ಬರನ್ನೂ ನೋಯಿಸುವವರಲ್ಲ.

ಕಾರುಗಳ ನಡುವೆ ನನ್ನನ್ನು ಹುಡುಕಿಕೊಂಡು ಬಂದಳು, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಅತ್ತಿರಲಿಲ್ಲ. ಅಕ್ಕಾರ, ನಾ ನನಗ ಹಾಕ್ಕೊಂಡಿಲ್ರಿ. ನಮ್ಮವ್ವ ಹೇಳ್ತಿದ್ಲು, ತನ್ನ ಹೆಸರಿಗೆ ತಾನ ಒತ್ತೂದು ಚಂದ ಅಲ್ಲ ಅಂತ, ನಾ ಲಿಂಗರಾಜು ಅವ್ರಿಗೇ ಹಾಕೀನಿ. ಅಂದ್ರ ಆ ಒಂದು ನಿಮ್ಮದು. ನನಗ ಗೊತ್ತೈತಿ. ನನ್ನ ಎರಡೂ ಕೈ ಹಿಡಿದುಕೊಂಡಳು, ಆ ಕೈ ಬೆಚ್ಚಗಿತ್ತು. ಬೆಚ್ಚಗಿತ್ತು, ಇಷ್ಟೇ ನನ್ನ ಸಮರ್ಥನೆ ಸ್ವಾಮಿ, ಮೂರು ವರ್ಷದಲ್ಲಿ ನನ್ನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ, ರಕ್ತ ತೆಗೆಯುವವರೂ ಬೇಗ ಬಿಡುತ್ತಾರೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಸುಮ್ಮನೆ ನಿಂತೆ, ಆ ಸುಮ್ಮನೆ ನಿಂತದ್ದನ್ನು ಅವಳು ಮನೆಗೆ ಒಯ್ದಳು. ಆಮೇಲೆ ದಿನಾ ಫೋನು, ಊಟ ಆತೇನ್ರಿ, ಮಾತ್ರೆ ತಗೊಂಡ್ರೇನ್ರಿ, ಶುಕ್ರವಾರ ಶುಕ್ರವಾರ ಶಿಫ್ಟು ಮುಗಿಸಿ ಬಂದು ಕರೆದುಕೊಂಡು ಹೋಗುವುದು, ಪಕ್ಕದ ಮನೆಯ ಬೇಲಿ ದಾಟಿ ಬಿದ್ದ ಫೀಜೋವಾ ಹಣ್ಣು ಚೀಲ ತುಂಬ, ಇಬ್ಬರೂ ಅಡುಗೆಮನೆಯಲ್ಲಿ ನಿಂತು ಚಮಚದಲ್ಲಿ ತೋಡಿ ತಿನ್ನುವುದು, ಗೊಜ್ಜು ಮಾಡಿದರೆ ಹೇಗೆ ಅಂತ ಮಾಡಿ ಕೆಡಿಸಿದ್ದು, ನಕ್ಕದ್ದು. ನನಗೆ ಈಗ ಇಬ್ಬರ ಅಕ್ಕಿಯ ಅಳತೆ ಕೈಗೆ ಬಂದಿದೆ.

ಆಮೇಲೆ ಹೋದ ಶನಿವಾರ ಲಿಂಗರಾಜು ಬಂದರು, ಚಳಿಗಾಲಕ್ಕೆ ಮುಂಚೆ ನನ್ನ ಮನೆ ಬೆಚ್ಚಗಿಡುವ ಹೀಟ್ ಪಂಪಿನ ಫಿಲ್ಟರ್ ತೊಳೆದುಕೊಡುವುದು ವರ್ಷವೂ ಅವರೇ, ಸ್ಟೂಲಿನ ಮೇಲೆ ನಿಂತು, ಧೂಳಿಗೆ ಸೀನುತ್ತಾ, ನಿಮಗೊಬ್ಬರಿಗೆ ಹೇಳ್ತೀನಿ ಮೇಡಂ, ಆ ಒಂದು ಓಟು ನಾನೇ ಹಾಕಿದ್ದು ಅಂದರು. ನಮ್ಮಪ್ಪ ಪಂಚಾಯ್ತಿಗೆ ನಿಂತಾಗ ಎದುರಾಳಿಗೆ ಒತ್ತಿ ಬಂದಿದ್ರು, ನನ್ನ ಹೆಸರಿಗೆ ಗುರುತು ಹಾಕೋಕೆ ನನಗೇ ನಾಚ್ಕೆ ಆಯ್ತು, ಅವರಿಗೆ ಬೇರೆ ಒಂದೂ ಬರಲ್ಲ ಅಂತ ನಾನೇನು ಕನಸು ಕಂಡಿದ್ನಾ. ತಾರಾ ಅವರಿಗೆ ಹೇಳ್ಬೇಡಿ, ಪಾಪ, ತಮ್ಮ ಕಡೆಯವರು ಯಾರೋ ಒಬ್ಬರು ಅಂದ್ಕೊಂಡಿರ್ಲಿ. ಫಿಲ್ಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ನಾನು ಬಟ್ಟೆ ತರಲು ಒಳಗೆ ಹೋಗಿ, ಒಳಗೇ ನಿಂತುಬಿಟ್ಟೆ. ಅವರು ಇವಳಿಗೆ, ಇವಳು ಅವರಿಗೆ. ಆ ಸೋತ ಗವರ್ನರನೂ ತನ್ನ ಓಟು ಯಾರಿಗೆ ಹಾಕಿದ್ದನೋ, ಅವನಿಗೂ ನಾಚಿಕೆಯಾಗಿತ್ತೋ ಏನೋ, ಪತ್ರಿಕೆ ಅದನ್ನೆಲ್ಲ ಹೇಳುವುದಿಲ್ಲ, ಊರ ಹೆಸರು, ಅದರ ಮುಂದೆ ಸಂಖ್ಯೆ, ಅಷ್ಟೇ. ಆದರೆ ಆ ಕಾಲದಲ್ಲಿ ಪಕ್ಷದವರು ಅಚ್ಚು ಹಾಕಿಸಿಕೊಟ್ಟ ಚೀಟಿಯನ್ನೇ ಜನ ಹಿಡಿದು ಬರುತ್ತಿದ್ದರಂತೆ, ಯಾರದು ಯಾರಿಗೆ ಅಂತ ಸುತ್ತ ನಿಂತವರಿಗೆ ಹೆಚ್ಚುಕಡಿಮೆ ಗೊತ್ತಾಗುತ್ತಿತ್ತಂತೆ, ಅಲ್ಲಿ ಯಾರಿಗೂ ನನ್ನ ಹಾಗೆ ಇನ್ನೊಬ್ಬರ ಓಟಿಗೆ ಕೃತಜ್ಞತೆ ತೆಗೆದುಕೊಂಡು ಮೂರು ವಾರ ಅದರಲ್ಲಿ ಚಳಿ ಕಾಯಿಸಿಕೊಳ್ಳಲು ಆಗುತ್ತಿರಲಿಲ್ಲ.

ನಾಲ್ಕು ನಲವತ್ನಾಲ್ಕು. ಟೌರಂಗಾದಲ್ಲಿ ಅವಳಿಗೆ ವಾರ್ಡಿನ ಮುಖ್ಯ ನರ್ಸ್ ಹುದ್ದೆ, ಮೂರು ಸಲ ಅರ್ಜಿ ಹಾಕಿ ಸಿಕ್ಕಿದ್ದು, ಹೊಸ ಜನ, ಅವಳ ಸೋಲಿಗೆ ನಕ್ಕವರು ಒಬ್ಬರೂ ಇಲ್ಲದ ಊರು. ಇಲ್ಲಿಂದ ಎರಡೂವರೆ ಮೂರು ಗಂಟೆಯ ದಾರಿ, ನನಗೆ ಕಾರು ಓಡಿಸಲು ಬರುವುದಿಲ್ಲ. ಹೇಳದೆ ಇದ್ದರೆ ಏನು, ಅವಳು ಸಂತೋಷವಾಗಿಯೇ ಇದ್ದಾಳಲ್ಲ, ಲಿಂಗರಾಜು ಕೂಡ ಹೇಳಬೇಡಿ ಅಂದರಲ್ಲ, ಸತ್ಯ ಹೇಳಿ ಯಾರಿಗೇನು ಸಿಕ್ಕೀತು, ಅವಳಿಗೆ ಸೊನ್ನೆ, ನನಗೆ ಫ್ರಿಜ್ಜಿನ ಸದ್ದು — ಸ್ವಾಮಿ, ನೀನೇ ಹೇಳಿಸು, ಅಂದೆ, ಅಂದ ತಕ್ಷಣ ಆ ಮುದುಕಿಗೆ ಹೇಳಿದ ಬುದ್ಧಿ ನೆನಪಾಗಿ ನಾಚಿಕೆಯಾಯಿತು, ಇನ್ನೊಬ್ಬರು ಒತ್ತೋದಲ್ಲ ಅಜ್ಜಿ. ಅವನೂ ಒತ್ತುವುದಿಲ್ಲ. ಅಗೋ ಬಂದಳು, ನೀಲಿ ಸಮವಸ್ತ್ರದ ಮೇಲೆ ಕೆಂಪು ಸ್ವೆಟರು, ದಾರಿಯಲ್ಲಿ ಸಿಕ್ಕ ಆ ಟ್ರಾಲಿಯನ್ನು ಒಯ್ದು ಸಾಲಿಗೆ ಸೇರಿಸಿ, ಯಾರೂ ಹೇಳದೆ, ತನ್ನದಲ್ಲದ್ದನ್ನು. ಬಾಗಿಲು ತೆಗೆದಳು, ಕೊತ್ತಂಬರಿಯ ವಾಸನೆ, ಅಯ್ಯ, ಗಾಳಿ ಅಂದ್ರ ಗಾಳಿ, ಓದಿದ್ರೇನ್ರಿ ಅಕ್ಕಾರ, ತಪ್ಪೇನರ ಅದಾವೇನು?

ತಪ್ಪಿಲ್ಲ. ಕಳಿಸ್ಬೇಡ ತಾರಾ. ಯಾಕ್ರಿ? ಆ ಓಟು ನಂದಲ್ಲ. ನನ್ನ ಧ್ವನಿಯೇ ಇದು, ಇಷ್ಟು ಸಣ್ಣದೇ, ತರಗತಿಯ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದ ಧ್ವನಿ. ಯಾವ ಓಟ್ರೀ ಅಂದಳು, ಗೊತ್ತಿದ್ದೂ. ನಾನು ಅವರಿಗೇ ಹಾಕಿದೆ, ಲಿಂಗರಾಜು ಅವರಿಗೆ, ರಾಯರ ಕೊನೆಯ ಕೆಲಸ ಮಾಡಿದ್ದರಲ್ಲ, ನಿನಗೆ ಬೇರೆಯವರು ಇದ್ದಾರೆ ಅಂದ್ಕೊಂಡೆ. ಮತ್ತ ಅದು ಯಾರದು? ಅವರದೇ. ಅವರೇ ಹೇಳಿದರು. ಕೊತ್ತಂಬರಿಯ ಚೀಲ ಅವಳ ಮಡಿಲಲ್ಲಿ ಸರಬರ ಸದ್ದು ಮಾಡುತ್ತಿದೆ, ನಗುತ್ತಿದ್ದಾಳೆ, ಮೈಯೆಲ್ಲ ಅಲುಗಿಸಿ ನಗುತ್ತಿದ್ದಾಳೆ, ನಾ ಅವ್ರಿಗೆ, ಅವ್ರು ನನಗ, ಚಲೋ ಆತ್ ಬಿಡ್ರಿ, ಇಬ್ಬರೂ ನಮ್ ನಮ್ ಮನ್ಯಾಗ ಕೂತಿದ್ರೂ ಆಗ್ತಿತ್ತು — ನಗು ಎಲ್ಲಿ ನಿಂತಿತೋ ನನಗೆ ಕಾಣಲಿಲ್ಲ, ನಿಂತಿತ್ತು. ಹಂಗಾದ್ರ ನನ್ನವರಂತ ಒಬ್ಬರೂ — ಅಂದಳು. ಬೈಯ್ಯೇ ತಾಯಿ, ಬೈದುಬಿಡು, ಗದಗದ ಮಾತಿನಲ್ಲಿ ಎಷ್ಟು ಬೈಗುಳವಿದೆ, ಒಂದನ್ನಾದರೂ — ನನ್ನ ಮಡಿಲಿನಿಂದ ಫೋನು ತೆಗೆದುಕೊಂಡಳು, ಬೆರಳು ನನ್ನ ಸೀರೆಗೂ ತಾಗದ ಹಾಗೆ, ಬರೆದ ಆರು ಸಾಲನ್ನು ಅಳಿಸಿದಳು, ಹೊಸದಾಗಿ ಏನೋ ಬರೆದಳು, ಬರುತ್ತೇನೆ ಅನ್ನುವಷ್ಟೇ ಉದ್ದದ ಒಂದೇ ಸಾಲು, ಇಂಗ್ಲಿಷು ನೋಡ್ರಿ ಅನ್ನಲಿಲ್ಲ. ಐದಕ್ಕೆ ಇನ್ನೂ ಹೊತ್ತಿದೆ. ಒತ್ತಲಿಲ್ಲ. ಫೋನು ಬಲಗೈಯಲ್ಲಿ, ಎಡಗೈ ಮಡಿಲಲ್ಲಿ ಅಂಗಾತ, ಮುಂದಿನ ಗಾಜಿನಾಚೆ ನೋಡುತ್ತಿದ್ದಾಳೆ, ಕೈಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿಲ್ಲ, ಹೆಬ್ಬೆರಳು ತಾನಾಗಿ ಹೋಗಿ ಕಿರುಬೆರಳಿನ ಮೊದಲ ಗೆರೆಯ ಮೇಲೆ ಕೂತಿದೆ, ಅಲ್ಲೇ ಇದೆ, ಮೆಲ್ಲಗೆ ಉಜ್ಜುತ್ತಿದೆ, ಆ ಗೆರೆಯನ್ನು, ಉಜ್ಜುತ್ತಿದೆ, ಹೆಬ್ಬೆರಳು, ಕಿರುಬೆರಳು, ಮೊದಲ ಗೆರೆ, ಹೆಬ್ಬೆರಳು ಎದ್ದಿತು, ಫೋನಿನ ಕಡೆಗೆ